ಕೆಟ್ಟಾಗ ಕಾಣೋ ಪುಟ

ವೆಬ್‌ಸೈಟು ಕೆಟ್ಟಾಗ ಜನಕ್ಕೆ ಏನು ಕಾಣ್ಬೇಕು ಅಂತ ನಾನು ಯಾವತ್ತೂ ಯೋಚ್ನೆ ಮಾಡಿರ್ಲಿಲ್ಲ. ಕೆಟ್ಟೋಯ್ತಾ, ಸರಿ ಮಾಡು, ಮುಗೀತು. ಪೈಥಾನ್ ಕಲಿಸೋ ವಿಡಿಯೋಗಳಲ್ಲಿ ಕೊನೇಲಿ ಒಂದು ಪಾಠ ಇರ್ತಿತ್ತು, ಎರರ್ ಪೇಜನ್ನ ನಮಗೆ ಬೇಕಾದಂಗೆ ಮಾಡ್ಕಳೋದು ಹೆಂಗೆ ಅಂತ. ಅದ್ರಲ್ಲಿ ಅಳ್ತಿರೋ ಗೊಂಬೆ, ಬಣ್ಣ ಬಣ್ಣದ ಅಕ್ಷರ. ನಾನು ಅದನ್ನ ಓಡಿಸ್ಕಂಡು ಮುಂದಕ್ಕೆ ಹೋದೆ. ಮಾಡೋಕೆ ಕೆಲ್ಸ ಇಲ್ದೋರು ಮಾಡೋದು ಅನ್ನಿಸ್ತು.

ನಾನು ಓದಿದ್ದು ಹತ್ತನೇ ಕ್ಲಾಸ್ ತಂಕ, ಅದೂ ಪಾಸಾಗ್ಲಿಲ್ಲ. ಮಧುಗಿರೀಲಿ ಒಂದು ಜೆರಾಕ್ಸ್ ಅಂಗಡೀಲಿ ಕೂತ್ಕಂಡು ಜನರ ಅರ್ಜಿ ತುಂಬ್ತಾ ತುಂಬ್ತಾ ಕಂಪ್ಯೂಟರ್ ಕೈಗೆ ಹತ್ತಿತು. ಆಮೇಲೆ ಫೋನಲ್ಲಿ ನೋಡ್ಕಂಡು ಪೈಥಾನ್ ಕಲ್ತೆ. ಇಂಗ್ಲೀಷ್ ಪೂರ್ತಿ ಬರಲ್ಲ, ಕೋಡಿಗೆ ಬೇಕಾದಷ್ಟು ಬರ್ತೈತೆ. ಇರೋದು ಮಾವನ ಮನೇಲಿ. ಮಾವ ಅಂದ್ರೆ ನಮ್ಮಮ್ಮನ ತಮ್ಮ.

ಮಾವನ ಹತ್ರ ಕಡ್ಲೆಕಾಯಿ ಬಿಡಿಸೋ ಮಿಷನ್ ಐತೆ. ಗಿಡ ಕಿತ್ತು ಒಣಗಿಸಿ ಗುಡ್ಡೆ ಹಾಕಿರ್ತಾರಲ್ಲ, ಅದನ್ನ ಒಂದು ಕಡೆ ತಳ್ಳಿದ್ರೆ ಕಾಯಿ ಬೇರೆ ಬಳ್ಳಿ ಬೇರೆ ಆಗಿ ಇನ್ನೊಂದು ಕಡೆ ಬೀಳ್ತೈತೆ. ಟ್ರ್ಯಾಕ್ಟರ್‌ಗೆ ತಗಲಾಕ್ಕಂಡು ಹೊಲದಿಂದ ಹೊಲಕ್ಕೆ ಹೋಗೋದು. ಓಡಿಸೋನು ಪಾವಗಡದ ಕಡೆಯೋನು, ಅರ್ಧ ತೆಲುಗು ಅರ್ಧ ಕನ್ನಡ. ಕಡ್ಲೆಕಾಯಿ ಕೀಳೋ ಕಾಲ ಬಂತು ಅಂದ್ರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಎಲ್ಲಾ ಕಡೆಯಿಂದ್ಲೂ ಫೋನು. ಮಾವ ಯಾರಿಗೆ ಯಾವ ದಿನ ಹೇಳ್ದ ಅಂತ ಅವನಿಗೇ ನೆನಪಿರ್ತಿರ್ಲಿಲ್ಲ. ಒಂದೇ ದಿನ ಇಬ್ರಿಗೆ ಮಾತು ಕೊಟ್ಟು ಇಬ್ರ ಕೈಲೂ ಉಗಿಸ್ಕಂತಿದ್ದ.

"ಲೇ, ನಿನ್ನ ಕಂಪ್ಯೂಟರಲ್ಲಿ ಏನಾದ್ರೂ ಮಾಡ್ಲಾ," ಅಂದ ಒಂದಿನ. "ಈ ಫೋನು ನನ್ನ ಪ್ರಾಣ ತಿಂತೈತೆ. ಸ್ನಾನಕ್ಕೆ ಹೋದ್ರೂ ಬಡ್ಕಳ್ತೈತೆ."

ಮಾಡ್ಕೊಟ್ಟೆ. ಒಂದೇ ಪುಟ. ಹೆಸ್ರು, ಊರು, ಫೋನ್ ನಂಬರ್, ಎಷ್ಟು ಎಕರೆ. ಒತ್ತಿದ್ರೆ ನಿಮ್ಮ ಸರದಿ ಯಾವ ದಿನ ಅಂತ ಹಸ್ರು ಬಣ್ಣದಲ್ಲಿ ಬರ್ತಿತ್ತು. ಎಲ್ಲಾ ಕನ್ನಡದಲ್ಲೇ. ಮಾವ ಹಾಕಿದ್ದು ಒಂದೇ ಕಂಡೀಷನ್. "ನನ್ನ ನಂಬರ್ ಅದ್ರಲ್ಲಿ ಎಲ್ಲೂ ಇರಬಾರ್ದು. ದೇವ್ರೇ ಬಂದ್ರೂ ಪೇಜಲ್ಲಿ ಹಾಕ್ಲಿ." ಅಂಗೇ ಮಾಡ್ದೆ. ಜನ ಒಬ್ರಿಗೊಬ್ರು ಲಿಂಕ್ ಕಳಿಸ್ಕಂಡ್ರು, ಸರದಿ ತುಂಬ್ತು, ಮಾವ ನೆಮ್ಮದಿಯಾಗಿ ಸ್ನಾನ ಮಾಡ್ದ. ನಾನು ಮುಗೀತು ಅನ್ಕಂಡೆ.

ಒಂದಿನ ಬೆಳಿಗ್ಗೆ ಡ್ರೈವರ್ ಮಿಷನ್ನಿಗೆ ಬೆಲ್ಟ್ ತಗಂಡೋಗಕ್ಕೆ ಅಂತ ಮನೆ ಹತ್ರ ಬಂದ. ಕಾಫಿ ಕುಡೀತಾ ಮಾವನಿಗೆ ಹೇಳ್ದ:

"ಅಣ್ಣಾ, ನಿಮ್ಮ ಅಕ್ಕಯ್ಯನ್ನ ನೋಡ್ದೆ ಐ.ಡಿ.ಹಳ್ಳಿ ಹತ್ರ. ಹೆಣ್ಣಾಳುಗಳ್ನ ಕಟ್ಕಂಡು ಹೊಲದಾಗೆ ಕೈಯಾಗೆ ಕಾಯಿ ಬಿಡಿಸ್ತಾ ಕೂತವ್ರೆ. ಗುಡ್ಡೆ ನೋಡಿದ್ರೆ ಇಷ್ಟೆತ್ತರ. ಕೈಯಾಗೆ ಆಗೋ ಪನಿ, ಕೆಲ್ಸ ಅಲ್ಲಣ್ಣಾ ಅದು. ಮಿಷನ್ ಕರೀಬಾರ್ದೇನಮ್ಮಾ ಅಂದೆ. ನಿಮ್ಮ ಓನರು ಬ್ಯಾಡ ಅಂದವ್ನೆ, ನಿನ್ನ ದಾರಿ ನೀನು ನೋಡ್ಕ ಅಂದ್ರು."

ಮಾವ ಲೋಟ ಕೆಳಗಿಟ್ಟ. "ನಾನಾ? ನಾನೆಲ್ಲಿ ಬ್ಯಾಡ ಅಂದೆ? ಅವ್ಳು ಕೇಳೇ ಇಲ್ವಲ್ಲ!"

"ನಾಕೇಮ್ ತೆಲುಸಣ್ಣಾ, ನಂಗೇನ್ ಗೊತ್ತು? ಅವ್ರು ಅಂದಿದ್ದು ಹೇಳ್ದೆ."

"ಸುಳ್ಳು ಹೇಳ್ತಾವ್ಳೆ. ಊರೆಲ್ಲಾ ನನ್ನ ಮರ್ಯಾದೆ ಕಳೀಬೇಕು ಅಂತ ಕೂತವ್ಳೆ."

ಆ ಅಕ್ಕ ಅಂದ್ರೆ ನಮ್ಮಮ್ಮನಿಗೂ ಅಕ್ಕ, ನಂಗೆ ದೊಡ್ಡಮ್ಮ. ಅವ್ಳಿಗೂ ಮಾವನಿಗೂ ಮಾತಿರ್ಲಿಲ್ಲ. ಮಾವ ಮಧುಗಿರೀಲಿ ಮನೆ ಕಟ್ಟಿ ಗೃಹಪ್ರವೇಶ ಇಟ್ಕಂಡಾಗ ಅಕ್ಕನಿಗೆ ಕಾರ್ಡನ್ನ ವಾಟ್ಸಾಪಲ್ಲಿ ಕಳ್ಸಿದ್ದ. ಓಡಾಟದಲ್ಲಿ ಹೋಗಕ್ಕಾಗ್ಲಿಲ್ಲ ಅನ್ನೋದು ಅವನ ಮಾತು. ನಮ್ಮ ಕಡೆ ಒಡಹುಟ್ಟಿದೋಳ್ನ ಮನೆ ತಂಕ ಹೋಗಿ ಎಲೆ ಅಡಿಕೆ ಕೊಟ್ಟು ಕರೀಬೇಕು. ದೊಡ್ಡಮ್ಮ ಬರ್ಲಿಲ್ಲ. ಅವತ್ತಿಂದ ಇವ್ನು ಆ ಕಡೆ ಹೋಗ್ಲಿಲ್ಲ, ಅವ್ಳು ಈ ಕಡೆ ತಿರುಗ್ಲಿಲ್ಲ. ನಮ್ಮಮ್ಮ ಇಬ್ರಿಗೂ ಹೇಳಿ ಹೇಳಿ ಸಾಕಾಗಿ ಸುಮ್ಮನಾದ್ಲು.

ಆದ್ರೆ ದೊಡ್ಡಮ್ಮ ಸುಳ್ಳು ಹೇಳೋಳಲ್ಲ. ಬಯ್ಯೋಳು, ಸುಳ್ಳು ಹೇಳಲ್ಲ. ಅಲ್ದೆ ಸೈಕ್ಲೋನ್ ಬಂದೈತೆ, ಇವತ್ತೋ ನಾಳೆನೋ ಮಳೆ ಅಂತ ಟೀವೀಲಿ ಬೆಳಿಗ್ಗೆಯಿಂದ ಬಡ್ಕಂತಿದ್ರು. ಗುಡ್ಡೆ ಹಾಕಿರೋ ಕಡ್ಲೆಕಾಯಿ ನೆಂದ್ರೆ ಕಾಯಿ ಕಪ್ಪಾಗ್ತೈತೆ, ಒಳಗೆ ಬೂಷ್ಟು ಹಿಡೀತೈತೆ, ಬಳ್ಳಿ ಕೊಳ್ತು ದನಾನೂ ಮೂಸಲ್ಲ. ದೊಡ್ಡಪ್ಪ ತೀರ್ಕಂಡ ಮೇಲೆ ಬೇಸಾಯ ಎಲ್ಲಾ ದೊಡ್ಡಮ್ಮಂದೇ, ವರ್ಷಕ್ಕೆ ಆ ಬೆಳೆ ಒಂದೇ. ನಾನು ಬೈಕ್ ತಗಂಡು ಹೊರಟೆ. ಮಾವ ಹೋಗು ಅನ್ಲಿಲ್ಲ, ಬ್ಯಾಡ ಅಂತಾನೂ ಅನ್ಲಿಲ್ಲ.

ದೊಡ್ಡಮ್ಮ ಗುಡ್ಡೆ ನೆಳ್ಳಲ್ಲಿ ಕಾಲು ಚಾಚ್ಕಂಡು ಕೂತಿದ್ಲು. ಕೈ ನಿಲ್ಲಿಸ್ಲಿಲ್ಲ.

"ಬಾರಪ್ಪ ಬಾ. ನಿಮ್ಮಾವ ಕಳ್ಸಿದ್ನಾ, ನಿಮ್ಮ ದೊಡ್ಡಮ್ಮ ಹೆಂಗೆ ಒದ್ದಾಡ್ತಾವ್ಳೆ ನೋಡ್ಕಂಡು ಬಾ ಅಂತ?"

"ಯಾರೂ ಕಳ್ಸಿಲ್ಲ. ನೀನು ಪೇಜಲ್ಲಿ ಹಾಕಿದ್ಯಾ?"

"ಹಾಕ್ದೆ. ಹಾಕಬಾರ್ದಿತ್ತು. ಬಾಯಿಬುಟ್ಟು ಕೇಳೋದು ಬ್ಯಾಡ, ಮುಖ ನೋಡೋದು ಬ್ಯಾಡ, ಫೋನಲ್ಲಿ ಒತ್ತಿದ್ರೆ ಆಯ್ತಲ್ಲ ಅಂತ ಒತ್ತಿದೆ. ನನ್ನ ಹೆಸ್ರು ನೋಡಿದ್ ತಕ್ಷಣ ಬ್ಯಾಡ ಅಂದ."

"ಬ್ಯಾಡ ಅಂತ ಬಂತಾ? ಏನಂತ ಬರ್ದಿತ್ತು?"

"ನಂಗೇನು ಇಂಗ್ಲೀಷ್ ಬರ್ತೈತಾ? ಪುಟ ಎಲ್ಲಾ ಬೆಳ್ಳಗಾಗೋಯ್ತು, ಮೇಲೆ ದಪ್ಪಕ್ಕೆ ಇಂಗ್ಲೀಷಲ್ಲಿ ಏನೋ. ತಿರ್ಗಾ ಒತ್ತಿದ್ರೂ ಅದೇ. ಈ ಪಕ್ಕದ ಹೊಲದೋನು ಹಾಕ್ದ, ಅವನಿಗೆ ಹಸ್ರುಗೆ ದಿನ ಬಂತು. ಅವನಿಗೆ ಹಸ್ರು, ನಂಗೆ ಬಿಳಿ. ನಾನೇನು ಹೆಡ್ಡೀನಾ?"

ಹೆಣ್ಣಾಳುಗಳು ನನ್ನ ಮುಖ ನೋಡಿ ನಕ್ರು. ನಾನು, "ಈಗ ನನ್ನ ಮುಂದೆ ಒತ್ತು" ಅಂದೆ. ಅವ್ಳು ಸೆರಗಲ್ಲಿ ಕೈ ಒರೆಸ್ಕಂಡು ಫೋನ್ ತಗಂಡ್ಲು. ಹೆಸ್ರು ಹಾಕಿದ್ಲು, ಊರು, ನಂಬರ್. ಎಷ್ಟು ಎಕರೆ ಅಂತ ಇರೋ ಕಡೆ ಎರಡು, ಒಂದು ಸಣ್ಣ ಗೀಟು, ಇಪ್ಪತ್ತು. ಒತ್ತಿದ್ಲು. ಬೆಳ್ಳಗಾಯ್ತು.

ನಂಗೆ ಅಲ್ಲೇ ಗೊತ್ತಾಯ್ತು. ಎರಡು ಎಕರೆ ಇಪ್ಪತ್ತು ಗುಂಟೇನ ನಮ್ಮ ಕಡೆ ಬರೆಯೋದೇ ಹಂಗೆ. ಹುಟ್ಟಿದಾಗಿಂದ ನೋಡಿದೀನಿ. ಕೋಡ್ ಬರೆಯೋವಾಗ ಮಾತ್ರ ಅದು ತಲೇಗೆ ಬರ್ಲೇ ಇಲ್ಲ, ವಿಡಿಯೋದಲ್ಲಿ ಇದ್ದಂಗೆ ಆ ಜಾಗದಲ್ಲಿ ಬರೋದು ಬರೀ ಸಂಖ್ಯೆ ಅಂತ ಬರ್ದಿದ್ದೆ. ಪೈಥಾನಿಗೆ ಗುಂಟೆ ಗೊತ್ತಿಲ್ಲ. ಮಧ್ಯ ಗೀಟು ಕಂಡಿದ್ದೇ ಇದು ಸಂಖ್ಯೆ ಅಲ್ಲ ಅಂತ ನಿಂತೋಯ್ತು. ಪಕ್ಕದ ಹೊಲದೋನ್ದು ಪೂರ್ತಿ ಮೂರು ಎಕರೆ, ಗುಂಟೆ ಗಲಾಟೆ ಇಲ್ಲ, ಅದಕ್ಕೆ ಹಸ್ರು.

ಇನ್ನೊಂದು. ನನ್ನ ಲ್ಯಾಪ್‌ಟಾಪಲ್ಲಿ ಕೆಟ್ರೆ ಯಾವ ಸಾಲಲ್ಲಿ, ಯಾಕೆ ಕೆಟ್ಟೈತೆ ಅಂತ ಪೂರ್ತಿ ಕಾಣ್ತೈತೆ. ಜನಕ್ಕೆ ಅದು ಕಾಣಬಾರ್ದು, ಕಳ್ರಿಗೆ ದಾರಿ ತೋರಿಸ್ದಂಗೆ ಆಗ್ತೈತೆ ಅಂತ ಮುಚ್ಚಿಡ್ತೀವಿ. ಮುಚ್ಚಿದ ಮೇಲೆ ಅವರಿಗೆ ಕಾಣೋದು ಏನು ಅಂತ ನಾನು ಒಂದು ಸಲಾನೂ ನೋಡಿರ್ಲಿಲ್ಲ. ಅದನ್ನ ಮೊದಲು ನೋಡಿದ್ದು ದೊಡ್ಡಮ್ಮನ ಫೋನಲ್ಲಿ. ಮಣ್ಣು ಮೆತ್ತಿದ ಗಾಜು, ಅದ್ರೊಳಗೆ ಬಿಳಿ ಪುಟ, ದಪ್ಪ ಇಂಗ್ಲೀಷು. ನಂಗೇ ಬೈದಂಗಾಯ್ತು.

"ದೊಡ್ಡಮ್ಮ, ಮಾವ ಬ್ಯಾಡ ಅಂದಿಲ್ಲ. ಇದು ಕೆಟ್ಟೋಗಿರೋದು," ಅಂದೆ.

"ಮಿಷನ್ ಅವನ್ದು. ಪೇಜ್ ಅವನ್ದು. ಮಾಡಿರೋ ನೀನು ಅವನ ಮನೇಲಿ ಉಣ್ಣೋನು. ಇನ್ಯಾರಪ್ಪ ಅಂದಿದ್ದು?"

"ಯಾರೂ ಅಂದಿಲ್ಲ ಅಂತಾನೇ ಹೇಳ್ತಿರೋದು. ಕೆಟ್ಟೈತೆ, ಅಷ್ಟೇ."

"ಕೆಟ್ರೆ ಕೆಟ್ಟೈತೆ ಅಂತ ಹೇಳ್ಬೇಕು ಕಣ್ಲಾ. ನಮ್ಮನೆ ಬಾಗಿಲಿಗೆ ಯಾರಾದ್ರೂ ಬಂದು ಕೂಗಿದ್ರೆ ಏನ್ ಮಾಡ್ತೀವಿ? ಎದ್ದು ಹೊಸ್ತಿಲ ತಂಕ ಬರ್ತೀವಿ. ಇಂಗಿಂಗೆ, ಅವ್ರಿಲ್ಲ, ಸಂಜೆ ಬರ್ತಾರೆ, ನೀರು ಕುಡೀತೀರಾ ಅಂತೀವಿ. ಬಾಗಿಲು ತಟ್ಟಿದ್ದು ಕೇಳಿಸ್ಕಂಡು, ಒಳಗೇ ಕೂತು ಗೋಡೆ ಕಡೆ ಮುಖ ತಿರುಗಿಸ್ಕಂಡ್ರೆ, ಬಂದೋರು ಏನ್ ತಿಳ್ಕಬೇಕು?"

"ನಾನೇ ನಿನ್ನ ಹೆಸ್ರು ಹಾಕ್ಬುಡ್ತೀನಿ" ಅಂದೆ.

"ಹಿಂದ್ಲ ಬಾಗಿಲಿಂದ ಹಾಕೋದು ಬ್ಯಾಡ. ಅವ್ನು ಕರದ್ರೆ ಕರೀಲಿ, ಇಲ್ದಿದ್ರೆ ನಂಗೆ ಕೈ ಅವೆ." ತಿರ್ಗಾ ಕಾಯಿ ಬಿಡಿಸಕ್ಕೆ ಶುರು ಮಾಡಿದ್ಲು.

ವಾಪಸ್ ಬರೋವಾಗ ದಾರಿ ಉದ್ದಕ್ಕೂ ನನ್ನ ತಲೇಲಿ ದೊಡ್ಡಮ್ಮ ಒಬ್ಳೇ ಇರ್ಲಿಲ್ಲ. ಗುಂಟೆ ಇರೋ ಜಮೀನು ಅವಳ್ದೊಂದೇನಾ? ನಮ್ಮ ಕಡೆ ಭಾಗ ಆಗಿ ಆಗಿ ಎಲ್ಲಾರ್ದೂ ಗುಂಟೇನೇ. ಅಷ್ಟೂ ಜನ ಒತ್ತಿರ್ತಾರೆ, ಬಿಳಿ ಪುಟ ನೋಡಿರ್ತಾರೆ, ಸುಮ್ಮನೆ ಫೋನ್ ಜೇಬಿಗಿಟ್ಕಂಡಿರ್ತಾರೆ. ಒಬ್ರೂ ಬಂದು ಬೈದಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಆಫೀಸು, ಬ್ಯಾಂಕು, ಎಲ್ಲಿ ಹೋದ್ರೂ ಇಂಗ್ಲೀಷಲ್ಲಿ ಏನೋ ಬಂದ್ರೆ ಅದು ನಮಗೆ ಆಗಲ್ಲ ಅಂತ ಹೇಳೋದು ಅಂತ ಜನಕ್ಕೆ ರೂಢಿ ಆಗೋಗೈತೆ. ನಾನೂ ಅದನ್ನೇ ಹೇಳಿದ್ದೆ ಅವರಿಗೆ, ನಂಗೇ ಗೊತ್ತಿಲ್ದಂಗೆ. ಜೆರಾಕ್ಸ್ ಅಂಗಡೀಲಿ ಕೂತಿದ್ದಾಗ ಅಂಥ ಮುಖಗಳನ್ನ ದಿನಾ ನೋಡಿದೋನು ನಾನು.

ಮನೇಲಿ ಮಾವನಿಗೆ ಎಲ್ಲಾ ಹೇಳ್ದೆ. ಬಾಗಿಲು, ಹೊಸ್ತಿಲು, ಗೋಡೆ ಕಡೆ ಮುಖ, ಎಲ್ಲಾ.

"ಎರಡು ಸಾಲು ಬದಲಾಯಿಸಿದ್ರೆ ಗುಂಟೆ ತಗಳ್ತೈತೆ. ಈಗ್ಲೇ ಮಾಡ್ತೀನಿ," ಅಂದೆ.

"ತಡಿ. ಸರಿ ಮಾಡ್ಬುಟ್ರೆ ಅವ್ಳಿಗೆ ಹಸ್ರು ಬರ್ತೈತೆ. ನಾನು ಹೆದರ್ಕಂಡು ಒಪ್ಕಂಡೆ ಅಂತಾಳೆ. ಬ್ಯಾಡ ಅಂದಿರ್ಲಿಲ್ಲ ಅಂತ ಎಲ್ಲಿ ಗೊತ್ತಾಗ್ತೈತೆ? ಕೆಟ್ಟಾಗ ಬರೋ ಪುಟ ಬರಿ ಮೊದ್ಲು. ಅವ್ಳು ಅದನ್ನ ನೋಡ್ಲಿ."

ಕೂತೆ. ಕೆಲ್ಸ ದೊಡ್ಡದಲ್ಲ. ಒಳಗೆ ಏನಾದ್ರೂ ಕೆಟ್ರೆ ಐನೂರು ಅಂತ ನಂಬರ್ ಬರ್ತೈತೆ, ಇಲ್ದಿರೋ ಪುಟ ಕೇಳಿದ್ರೆ ನಾನೂರ ನಾಕು. ಆ ಎರಡು ನಂಬರ್‌ಗೂ ಒಂದೊಂದು ಪುಟ ಬರೆದು, ಈ ನಂಬರ್ ಬಂದ್ರೆ ಈ ಪುಟ ತೋರಿಸು ಅಂತ ಪೈಥಾನಲ್ಲಿ ಕಟ್ಟಿಡೋದು. ಆದ್ರೆ ಬರೆಯೋದು ಏನು? ನಾನು ಸರ್ಕಾರಿ ಸೈಟುಗಳಲ್ಲಿ ನೋಡಿದ್ದನ್ನೇ ಬರ್ದೆ. ತಾಂತ್ರಿಕ ದೋಷ ಉಂಟಾಗಿದೆ, ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ.

ಮಾವ ಓದಿ, "ಇದು ಆಫೀಸಲ್ಲಿ ನಾಳೆ ಬಾ ಅಂದಂಗೈತಲ್ಲೋ," ಅಂದ. "ಯಾರ್ದು ತಪ್ಪು ಅಂತ ಹೇಳು. ಆಕೆ ಏನ್ ಮಾಡ್ಬೇಕು ಅಂತ ಹೇಳು."

"ನೀನೇ ಹೇಳು, ಬರ್ಕಂತೀನಿ."

ಮಾವ ಎದ್ದು ನಿಂತ್ಕಂಡು ಹೇಳ್ದ, ಎದುರಿಗೆ ಯಾರೋ ನಿಂತವ್ರೆ ಅನ್ನೋ ಹಂಗೆ. ನಾನು ಇದ್ದಿದ್ದು ಇದ್ದಂಗೆ ಟೈಪ್ ಮಾಡ್ದೆ. "ನಮ್ಮ ಕಡೆ ಕೆಟ್ಟೈತೆ. ನಿಮ್ಮದೇನೂ ತಪ್ಪಿಲ್ಲ. ನಿಮ್ಮನ್ನ ಯಾರೂ ಬ್ಯಾಡ ಅಂದಿಲ್ಲ. ನೀವು ಹಾಕಿದ್ದು ನಮಗೆ ಬಂದಿಲ್ಲ, ಅದಕ್ಕೆ ಈ ನಂಬರ್‌ಗೆ ಫೋನ್ ಮಾಡಿ ಹೇಳಿ."

"ಯಾವ ನಂಬರ್?" ಅಂದೆ.

ಮಾವ ಕಿಟಕಿ ಹೊರಗೆ ನೋಡ್ದ. ಮೋಡ ಕಟ್ಟಿತ್ತು. "ನಂದೇ ಹಾಕು," ಅಂದ.

"ಸ್ನಾನಕ್ಕೆ ಹೋದ್ರೂ ಬಡ್ಕಳ್ತೈತೆ ಆಮೇಲೆ."

"ಬಡ್ಕಳ್ಲಿ. ಹಾಕು."

ನಾನೂರ ನಾಕಕ್ಕೆ ಕಷ್ಟ ಆಗ್ಲಿಲ್ಲ. ಗೊರವನಹಳ್ಳಿ ಗುಡಿಗೆ ಹೊರಟೋರು ದಾರಿ ತಪ್ಪಿ ಬಂದು ಕೇಳಿದ್ರೆ ಇಲ್ಲ ಅಂತೀವಾ, ಹಿಂದಕ್ಕೆ ಹೋಗಿ ತಿರುಕ್ಕಳಿ ಅಂತೀವಲ್ಲ, ಅಂಗೇ ಬರಿ ಅಂದ. "ಈ ದಾರಿ ಅಲ್ಲ, ಇಲ್ಲಿ ಒತ್ತಿ, ಸರದಿ ಪುಟಕ್ಕೆ ಹೋಗ್ತೀರ" ಅಂತ ಬರ್ದೆ.

ನಾನು ಮಧ್ಯ ಒಂದು ಬುದ್ಧಿವಂತಿಕೆ ಮಾಡಕ್ಕೋದೆ. ಮಿಷನ್ ಈಗ ಯಾವ ಊರಲ್ಲೈತೆ ಅಂತಾನೂ ಆ ಪುಟದಲ್ಲಿ ಕಾಣ್ಲಿ ಅಂತ ಸರದಿ ಎಲ್ಲಾ ಇಟ್ಟಿರೋ ಡೇಟಾಬೇಸಿಂದ ತರ್ಸೋ ಹಂಗೆ ಮಾಡ್ದೆ. ಪರೀಕ್ಷೆಗೆ ಅಂತ ಡೇಟಾಬೇಸ್ ಬಂದ್ ಮಾಡಿ ನೋಡಿದ್ರೆ ತಿರ್ಗಾ ಅದೇ ಬಿಳಿ ಪುಟ. ಕೆಟ್ಟಾಗ ಬರೋ ಪುಟಾನೇ ಕೆಟ್ಟಿತ್ತು. ಅದು ಬೇರೆ ಯಾವುದ್ರ ಮೇಲೂ ಒರಗ್ಕಂಡಿರಬಾರ್ದು. ಎಲ್ಲಾ ಕಿತ್ತಾಕ್ದೆ. ಬರೀ ಅಕ್ಷರ, ಮಾವನ ನಂಬರು. ಇನ್ನೊಂದು ಕಡೆ ಹುಷಾರಾಗಿದ್ದೆ. ಪುಟದ ಜೊತೆಗೆ ಐನೂರು ಅನ್ನೋ ನಂಬರನ್ನೂ ವಾಪಸ್ ಕೊಡ್ಬೇಕು, ಇಲ್ಲಾಂದ್ರೆ ಒಳಗೆ ಎಲ್ಲಾ ಸರಿಯಾಗೈತೆ ಅಂತ ಲೆಕ್ಕ ಆಗ್ತೈತೆ. ಜನಕ್ಕೆ ಮರ್ಯಾದೆಯಾಗಿ ಹೇಳ್ಬೇಕು, ಹಂಗಂತ ಕೆಟ್ಟಿದ್ದನ್ನ ಮುಚ್ಚಾಕಬಾರ್ದು.

ಪುಟ ಏರಿಸಿ ದೊಡ್ಡಮ್ಮನಿಗೆ ಫೋನ್ ಮಾಡ್ದೆ. "ಇನ್ನೊಂದ್ಸಲ ಒತ್ತು."

"ಯಾಕಪ್ಪ, ಇನ್ನೊಂದ್ಸಲ ಉಗಿಸ್ಕಳಕ್ಕಾ?"

"ಒತ್ತು ದೊಡ್ಡಮ್ಮ, ನನ್ನ ಮಾತಿಗೆ."

ಇಟ್ಬುಟ್ಲು. ಮಾವ ಟೀವಿ ಮುಂದೆ ಕೂತಿದ್ದ, ಟೀವಿ ನೋಡ್ತಿರ್ಲಿಲ್ಲ. ಅವನ ಫೋನು ಬಡ್ಕಂತು. ಸ್ಪೀಕರಿಗೆ ಹಾಕ್ದ.

"ಹಲೋ?"

"ನಿಮ್ಮ ಪೇಜಲ್ಲಿ ಕೆಟ್ಟೋದ್ರೆ ಫೋನ್ ಮಾಡಿ ಅಂತ ಬರ್ದೈತಲ್ಲ. ಕೆಟ್ಟೈತೆ. ಮಾಡಿದೀನಿ," ಅಂತು ದೊಡ್ಡಮ್ಮನ ದನಿ.

ಮಾವ ಟೀವಿ ಆಫ್ ಮಾಡ್ದ. "ಎಷ್ಟು ಎಕರೆ?"

"ಎರಡು ಎಕರೆ ಇಪ್ಪತ್ತು ಗುಂಟೆ. ಯಾಕೆ, ನಿಂಗೊತ್ತಿಲ್ವಾ? ಅಳತೆ ಮಾಡ್ದಾಗ ಸರಪಣಿ ಹಿಡ್ಕಂಡಿದ್ದೋನು ನೀನೇ."

"ಗೊತ್ತಕ್ಕ. ಪೇಜಿಗೆ ಗೊತ್ತಿರ್ಲಿಲ್ಲ."

"ಇದ್ರಲ್ಲಿ ಬರ್ದಿರೋದು ಯಾರ ಮಾತು, ಹುಡುಗನ್ದಾ ನಿಂದಾ?" ಅಂದ್ಲು.

"ನಂದೇ."

"ಹ್ಞೂಂ," ಅಂದ್ಲು. "ಮಳೆ ಬಂದಂಗೈತೆ ಕಣೋ ಇಲ್ಲಿ."

ಮಾರನೇ ದಿನದ ಸರದಿ ಮಿಡಿಗೇಶಿಯೋನ್ದು. ಅವನ್ನ ದಾಟ್ಕಂಡು ಹೋಗಕ್ಕೆ ಮಾವ ಒಪ್ಪಲಿಲ್ಲ. ತಾನೇ ಫೋನ್ ಮಾಡಿ ಕೇಳ್ದ: ನಮ್ಮಕ್ಕಂದು ಗುಡ್ಡೆ ಬಯಲಲ್ಲೈತೆ, ನಿಂದು ಹೆಂಗೈತೆ? ಅವನ ಬಳ್ಳಿ ಇನ್ನೂ ಹಸಿ, ಶೆಡ್ಡಲ್ಲಿ ಹಾಕಿದ್ದ. ಹೋಗಣ್ಣ, ನಂದು ಆಮೇಲೆ ಮಾಡುವಂತೆ ಅಂದ. ಹೊತ್ತು ಹುಟ್ಟೋಷ್ಟರಲ್ಲಿ ಟ್ರ್ಯಾಕ್ಟರ್ ಐ.ಡಿ.ಹಳ್ಳಿ ಕಡೆ ತಿರುಗ್ತು. ಮಾವ ಮಿಷನ್ ಹಿಂದೆ ಹೋಗೋನಲ್ಲ, ಅವತ್ತು ಹೋದ. ನಾನೂ ಹೋದೆ.

ಅಕ್ಕ ತಮ್ಮ ಕೈ ಹಿಡ್ಕಂಡು ಅಳ್ತಾರೆ ಅನ್ಕಂಡಿದ್ರೆ, ಅಂಥದ್ದೇನೂ ಆಗ್ಲಿಲ್ಲ. ದೊಡ್ಡಮ್ಮ ಗುಡ್ಡೆ ತೋರ್ಸಿ, "ಈ ಕಡೆಯಿಂದ ಹಾಕಿ, ಆ ಕಡೆ ತಗ್ಗು," ಅಂದ್ಲು. ಮಾವ ಬಳ್ಳಿ ಎತ್ತಿ ಎತ್ತಿ ಕೊಟ್ಟ. ಮಿಷನ್ ಸದ್ದಲ್ಲಿ ಮಾತಾಡಕ್ಕೂ ಆಗ್ತಿರ್ಲಿಲ್ಲ, ಅದು ಇಬ್ರಿಗೂ ಅನುಕೂಲನೇ ಆಯ್ತು. ಮಧ್ಯ ಮಧ್ಯ ಮಾವನ ಫೋನು. ಒಬ್ಬ ಶಿರಾದೋನು, "ಭಾಯ್, ನಿಮ್ದು ಪೇಜಲ್ಲಿ ಯಾರೂ ಬ್ಯಾಡ ಅಂದಿಲ್ಲ ಅಂತ ಐತೆ, ಖುಷಿ ಆಯ್ತು. ನಂದು ಒಂದು ಎಕರೆ ಹತ್ತು ಗುಂಟೆ, ಬರ್ಕಳಿ," ಅಂದ. ಗುಂಟೆಯೋರೆಲ್ಲಾ ಒಬ್ಬೊಬ್ರೇ ಫೋನ್ ಮಾಡ್ತಿದ್ರು. ಮಾವ ಸದ್ದಿಂದ ದೂರ ಓಡೋಗಿ ಓಡೋಗಿ ಕೂಗಿ ಮಾತಾಡ್ದ.

ಮಧ್ಯಾಹ್ನದ ಮೇಲೆ ಮಳೆ ಹಿಡ್ಕಂತು. ಗುಡ್ಡೆ ಮುಕ್ಕಾಲು ಆಗಿತ್ತು. ಮೂಟೆಗಳ್ನ ಹೊಲದ ಪಕ್ಕದಲ್ಲೇ ಇರೋ ದೊಡ್ಡಮ್ಮನ ಮನೆ ಒಳಗೆ ಎಸೆದು, ಮಿಕ್ಕಿದ್ರ ಮೇಲೆ ಟಾರ್ಪಾಲ್ ಎಳೆದ್ವಿ. ಗಾಳಿಗೆ ಅದು ನಿಲ್ಲಲಿಲ್ಲ. ಕಾಲು ಭಾಗ ನೆಂದೋಯ್ತು.

ಜಗ್ಲಿ ಮೇಲೆ ಕೂತು ನಾನು ಲ್ಯಾಪ್‌ಟಾಪ್ ತೆಗೆದು ಗುಂಟೆ ಸರಿ ಮಾಡ್ದೆ. ದೊಡ್ಡಮ್ಮ ಪಕ್ಕದಲ್ಲಿ ನಿಂತು ನೋಡ್ತಿದ್ಲು.

"ಈಗ ಒತ್ತಿದ್ರೆ ಆ ಪುಟ ಬರಲ್ವಾ?"

"ಬರಲ್ಲ. ಹಸ್ರು ಬರ್ತೈತೆ."

"ಯಾಕ್ಲಾ ತೆಗದೆ, ಅದು ಚೆನ್ನಾಗಿತ್ತಲ್ಲ."

"ತೆಗ್ದಿಲ್ಲ, ಅಲ್ಲೇ ಐತೆ. ಇನ್ನೇನಾದ್ರೂ ಕೆಟ್ರೆ ಬರ್ತೈತೆ."

"ಸರಿ ಬುಡು," ಅಂದ್ಲು.

ಮಳೆ ಸ್ವಲ್ಪ ಬುಟ್ಟ ಮೇಲೆ ನೆಂದ ಬಳ್ಳೀನ ಜಗ್ಲಿಗೆ ತಂದು ಹಾಕಿದ್ವಿ. ಹಸಿ ಬಳ್ಳಿ ಮಿಷನ್ನಿಗೆ ಹೋಗಲ್ಲ, ಸುತ್ಕಂತೈತೆ. ಬೂಷ್ಟು ಹಿಡಿಯೋಕೆ ಮುಂಚೆ ಕೈಯಲ್ಲೇ ಬಿಡಿಸ್ಬೇಕು. ಹೆಣ್ಣಾಳುಗಳು ಕೂತ್ರು, ನಾನು ಕೂತೆ. ಮಾವ ಪಂಚೆ ಮಡಚ್ಕಂಡು ಅವರ ಮಧ್ಯ ಕೂತು ಒಂದು ಬಳ್ಳಿ ಎಳ್ಕಂಡ. ಅವನ ಕೈಗೆ ಅದು ಮರ್ತೇ ಹೋಗಿತ್ತು. ಕಾಯಿ ಜೊತೆ ಬೇರು, ಮಣ್ಣು, ಎಲ್ಲಾ ಬರ್ತಿತ್ತು.

"ನೋಡ್ರೇ ಇಲ್ಲಿ," ಅಂದ್ಲು ದೊಡ್ಡಮ್ಮ ಹೆಣ್ಣಾಳುಗಳಿಗೆ, "ಮಿಷನ್ ಓನರು ಬಿಡಿಸೋ ಚೆಂದಾನ." ಅಂದೋಳು ಅವನ ಮುಂದಿದ್ದ ಮಂಕರಿ ಬುಟ್ಟೀನ ತನ್ನ ಕಡೆಗೆ ಎಳ್ಕಂಡು, ಅವ್ನು ಹಾಕಿದ್ದ ಕಾಯಲ್ಲಿ ಬೇರು ಆರಿಸ್ತಾ ಕೂತ್ಲು.